ಕಿವಿಯಣ್ಣನ ದವಡೆ

ರಟ್ಟಿನ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಫಿಟ್ಟರ್ ಆಗಿದ್ದ ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಜೀವ ಹಿಡಿದುಕೊಂಡಿತ್ತು. ಮಿಕ್ಕಂತೆ ಗೇಟಿನ ಕಾವಲುಗಾರನಿಂದ ಮ್ಯಾನೇಜರರವರೆಗೆ ಎಲ್ಲರಿಗೂ ಅವನು ಕಿವಿಯಣ್ಣ. ಮೊಳದುದ್ದದ ಸ್ಕ್ರೂಡ್ರೈವರ್ ಅವನ ರಾಜದಂಡ. ಅದರ ತುದಿಯನ್ನು ಓಡುತ್ತಿರುವ ಮೋಟರಿನ ಮೈಗೆ ಆನಿಸಿ, ಹಿಡಿಯನ್ನು ಬಲಗಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಸುತ್ತ ನಿಂತವರು ಬಂದ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು. ನೂರು ಯಂತ್ರಗಳು ಬೊಬ್ಬೆ ಹೊಡೆಯುತ್ತಿದ್ದ ಆ ಜಾಗದಲ್ಲಿ ಒಂದು ಕೆಮ್ಮಿನಿಂದ ಏನು ಮಹಾ ಕೆಡುತ್ತದೆಂದು ಯಾರೂ ಯೋಚಿಸಿರಲಿಲ್ಲ. ಕೊನೆಗೆ ಅವನು ಕಣ್ಣು ತೆರೆದು, ಹಿಂದಿನ ಬೇರಿಂಗು, ಹತ್ತು ದಿನ, ಎಂದು ಅಪ್ಪಣೆ ಕೊಡಿಸುತ್ತಿದ್ದ. ಹತ್ತನೆಯ ದಿನ ಬಿಚ್ಚಿ ನೋಡಿದರೆ ಬೇರಿಂಗಿನ ಗುಂಡುಗಳು ಹುಳುಕು ಹಲ್ಲಿನ ಹಾಗೆ ಕುಳಿಬಿದ್ದಿರುತ್ತಿದ್ದವು.

ಈ ಕೀರ್ತಿಗೆ ಒಂದೇ ಒಂದು ಚಿಕ್ಕ ಊನವಿತ್ತು. ಆರು ವರ್ಷದಿಂದ ಆ ಬಲಗಿವಿ ಕೇಳಿಸುತ್ತಿರಲಿಲ್ಲ.

ಮಂದವಾಗಿತ್ತು ಎಂದಲ್ಲ, ಅಂಗಡಿ ಮುಚ್ಚಿ ಬೀಗ ಹಾಕಿಕೊಂಡು ಹೋಗಿತ್ತು. ಯಂತ್ರಗಳ ಗುಟ್ಟನ್ನೆಲ್ಲ ಕೇಳಿ ಕೇಳಿ ಸವೆದ ಕಿವಿ ಅದು. ಎಡಗಿವಿಯಲ್ಲಿ ಸಂಸಾರಕ್ಕೆ ಸಾಕಾಗುವಷ್ಟು ಉಳಿದಿತ್ತು. ವಿಷಯ ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಅವನು ಅವಳ ಮುಂದೆ ಕೂತು ಗೋಳು ತೋಡಿಕೊಂಡಾಗ ಅವಳು ಬಟ್ಟೆ ಮಡಿಸುತ್ತಲೇ ಹೇಳಿದ್ದಳು:

"ಮದುವೆ ಆದಾಗಿಂದ ನನ್ನ ಒಂದು ಮಾತೂ ಕೇಳಿದೋರಲ್ಲ ನೀವು. ಈಗ ಹೊಸದಾಗಿ ಕಿವಿ ಹೋಯ್ತು ಅಂತ ಯಾಕೆ ಮುಖ ಸಣ್ಣ ಮಾಡ್ಕೋತೀರಿ?"

ಮುಖ ಸಣ್ಣದಾಗಲು ಕಾರಣವಿತ್ತು. ಕಿವಿ ಕೇಳದವರನ್ನು ಯಂತ್ರದ ಹತ್ತಿರ ಬಿಡಬಾರದೆಂದು ಕಾರ್ಖಾನೆಯ ನಿಯಮ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಬಾಯ್ಲರಿನ ಹಿರಿಯನೊಬ್ಬ ಈಗ ಸ್ಟೋರಿನ ಕಿಟಕಿಯ ಹಿಂದೆ ಕೂತು, ಬಂದವರಿಗೆ ಕೈಗವಸು ಕೊಡುತ್ತ, ಗೋಡೆಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದ್ದ ಕಿವಿಯಣ್ಣನಿಗೆ ಆ ಕಿಟಕಿ ಕನಸಿನಲ್ಲೂ ಕಾಣುತ್ತಿತ್ತು. ಹಾಗಾಗಿ ವರ್ಷವರ್ಷವೂ ಕಿವಿ ಪರೀಕ್ಷೆಯ ದಿನ ಯಾವುದೋ ಒಂದು ಯಂತ್ರಕ್ಕೆ ಅವನಿಲ್ಲದೆ ಪ್ರಾಣ ಹೋಗುವಂತಾಗುತ್ತಿತ್ತು.

ಹಾಗಾದರೆ ಆರು ವರ್ಷ ಬೇರಿಂಗುಗಳ ಭವಿಷ್ಯ ಹೇಳಿದ್ದು ಹೇಗೆ? ಕಿವಿ ಕೈಕೊಟ್ಟ ದಿನ ಅವನು ಹಿಡಿಯನ್ನು ಒಂದು ಬೆರಳು ಮುಂದಕ್ಕೆ ಸರಿಸಿ ದವಡೆಯ ಮೂಳೆಗೆ ಒತ್ತಿಕೊಂಡಿದ್ದ. ನೋಡುವವರ ಕಣ್ಣಿಗೆ ಅದೇ ಭಂಗಿ, ಅದೇ ಗಾಂಭೀರ್ಯ. ಒಳಗೆ ಮಾತ್ರ ಸದ್ದಿನ ಬದಲು ನಡುಕ. ಒಳ್ಳೆಯ ಬೇರಿಂಗು ಹಲ್ಲಿನ ಬುಡದಲ್ಲಿ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು, ಕೆಟ್ಟದ್ದು ಮರಳು ಅಗಿದಂತೆ ಜುಮ್ಮೆನ್ನುತ್ತಿತ್ತು. ಕಿವಿಯ ಹೆಸರಿನಲ್ಲಿ ದವಡೆ ದುಡಿಯುತ್ತಿತ್ತು. ತಾನು ಶುದ್ಧ ಮೋಸಗಾರನೆಂದು ಅವನು ದೃಢವಾಗಿ ನಂಬಿದ್ದ.

ಇಂಥ ಹೊತ್ತಿನಲ್ಲಿ ಸೆನ್ಸರುಗಳು ಬಂದವು. ಪೆಟ್ಟಿಗೆಯಲ್ಲಿ ಬಂದದ್ದನ್ನೆಲ್ಲ ನಂಬುವ ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದರು. ಇನ್ನು ಮೇಲೆ ಪ್ರತಿ ಯಂತ್ರದ ಮೈಮೇಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ ಕೂರುತ್ತದೆ. ಅದು ಕಂಪನ ಅಳೆದು, ತಂತಿಯ ಹಂಗಿಲ್ಲದೆ ಗಾಳಿಯಲ್ಲೇ ಸುದ್ದಿ ಕಳಿಸುತ್ತದೆ. ಯಂತ್ರ ಚೆನ್ನಾಗಿದ್ದರೆ ತಮ್ಮ ಕೋಣೆಯ ಪರದೆಯಲ್ಲಿ ಹಸಿರು ಚುಕ್ಕೆ, ಕೆಟ್ಟರೆ ಕೆಂಪು. ಭಾಷಣ ಮುಗಿದ ಕೂಡಲೇ ಬಣ್ಣದವರು ಡಬ್ಬ ಹಿಡಿದು ನುಗ್ಗಿದರು. ಕಾರ್ಖಾನೆಗೆ ಯಾರೇ ಬರಲಿ, ಏನೇ ಬರಲಿ, ಮೊದಲು ಯಂತ್ರಗಳಿಗೆ ಬಣ್ಣ ಬಳಿಯುವುದು ಅಲ್ಲಿನ ಪದ್ಧತಿ. ಒಬ್ಬೊಬ್ಬ ಮ್ಯಾನೇಜರಿಗೆ ಒಂದೊಂದು ಬಣ್ಣ. ಈಗಿನವರದು ಹಸಿರು.

ಸೆನ್ಸರು ಹಚ್ಚಲು ಬಂದವಳು ನಲವತ್ತು ದಾಟಿದ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು, ಸೊಂಟದ ಚೀಲದಲ್ಲಿ ಅರ, ಮರಳುಕಾಗದ, ಎರಡು ಬಗೆಯ ಅಂಟು. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಸೆನ್ಸರಕ್ಕ ಆಗಿದ್ದಳು. ಅವಳಿಗೆ ಜೊತೆಯಾಗಿ ಕಿವಿಯಣ್ಣನನ್ನೇ ನೇಮಿಸಿದರು. ಗಲ್ಲಿಗೆ ಹೋಗುವವನ ಕೈಗೇ ಹಗ್ಗ ಕೊಟ್ಟಂತೆ. ಬೇರಿಂಗಿನ ಹೊರಕವಚದ ಮೇಲಿನ ಹಸಿರು ಬಣ್ಣ ಕೆರೆದು, ಬೆಳ್ಳಗೆ ಲೋಹ ಮಿನುಗುವವರೆಗೆ ಉಜ್ಜಿ, ಅಂಟು ಕಲಸಿ, ಸೆನ್ಸರನ್ನು ಒತ್ತಿ ಹಿಡಿದು ಅವಳು ಬಾಯಲ್ಲೇ ಎಣಿಸುತ್ತಿದ್ದಳು. ಅವನು ಪಕ್ಕದಲ್ಲಿ ನಿಂತು ಈ ಯಂತ್ರ ಗಟ್ಟಿ, ಆ ಯಂತ್ರಕ್ಕೆ ಕೀಲುನೋವು ಎಂದು ಜಾತಕ ಓದುತ್ತಿದ್ದ. ಒಮ್ಮೆ ತಡೆಯಲಾರದೆ, ಇಷ್ಟು ಸಣ್ಣದಕ್ಕೆ ಅಷ್ಟೆಲ್ಲ ಹೇಗೆ ಕೇಳಿಸುತ್ತದೆಂದು ವಿಚಾರಿಸಿದ.

"ಇದಕ್ಕೆ ಕಿವಿನೇ ಇಲ್ಲಣ್ಣ," ಎಂದಳು ಸೆನ್ಸರಕ್ಕ. "ಕಲ್ಲಿನಷ್ಟು ಕಿವುಡು. ಮೈ ನಡುಗಿದ್ದು ಮಾತ್ರ ಗೊತ್ತಾಗುತ್ತೆ, ಅದನ್ನೇ ಹೇಳುತ್ತೆ."

ಕಿವಿಯಣ್ಣ ಆ ಬೂದು ಡಬ್ಬಿಯನ್ನು ತುಂಬ ಹೊತ್ತು ನೋಡಿದ. ಎಂದೋ ಕಳೆದುಹೋದ ಸೋದರ ಸಂಬಂಧಿಯನ್ನು ಬಸ್ಸಿನಲ್ಲಿ ಕಂಡವನ ಹಾಗೆ.

ಕಾರ್ಖಾನೆಯ ಹೆಬ್ಬಾಗಿಲಿನ ಎದುರಿಗೇ ಒಂದು ದೊಡ್ಡ ಪಂಪಿತ್ತು. ಒದ್ದೆ ರಟ್ಟಿನ ನೀರೆಲ್ಲ ಹೀರುವುದು ಅದರ ಕೆಲಸ. ಬೆಳಗಿಂದ ಸಂಜೆವರೆಗೆ ಗೊಣಗುತ್ತಿದ್ದುದರಿಂದ, ಅದು ನಿಂತರೆ ಮನೆಯೇ ನಿಲ್ಲುತ್ತಿದ್ದುದರಿಂದ, ಕೆಲಸಗಾರರು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದರು. ಪರದೆಯಲ್ಲಿ ಅತ್ತೆ ಅಚ್ಚ ಹಸಿರು. ಕಿವಿಯಣ್ಣ ದವಡೆ ಒತ್ತಿ ನೋಡಿ, ಅತ್ತೆಗೆ ಇನ್ನು ಎಂಟೇ ದಿನ ಎಂದುಬಿಟ್ಟ.

ಮ್ಯಾನೇಜರು ಬೈಯಲಿಲ್ಲ, ಕನಿಕರಪಟ್ಟರು. ಅತ್ತೆಯನ್ನು ನಿಲ್ಲಿಸಿದರೆ ಒಂದು ಇಡೀ ದಿನದ ಕೆಲಸ ನಿಲ್ಲುತ್ತದೆ, ಪರದೆ ಒಂದು ಹೇಳಿ ಕಿವಿ ಇನ್ನೊಂದು ಹೇಳಿದರೆ ಎರಡರಲ್ಲಿ ಒಂದನ್ನು ಪರೀಕ್ಷಿಸಲೇಬೇಕು, ಪರದೆ ಹೊಸದು. ಸೋಮವಾರ ಆಸ್ಪತ್ರೆಯಲ್ಲಿ ಕಿವಿ ತೋರಿಸಿಕೊಂಡು ಬರಬೇಕೆಂದು ಚೀಟಿ ಬರೆದೇ ಕೊಟ್ಟರು. ಅಂದು ಶುಕ್ರವಾರ.

ಶನಿವಾರ ಬೆಳಗ್ಗೆ ಕಿವಿಯಣ್ಣ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ದವಡೆಯೇ ಸುಳ್ಳು ಹೇಳುತ್ತಿದೆಯೋ ಎಂಬ ಅನುಮಾನ ಮೊದಲ ಸಲ ಬಂದಿತ್ತು. ಸ್ಕ್ರೂಡ್ರೈವರನ್ನು ಬೋಲ್ಟಿನ ತಲೆಗೆ ಇಟ್ಟ: ಬಾಯಿ ತುಂಬ ಮರಳು. ಸೆನ್ಸರಿನ ಪಕ್ಕದಲ್ಲೇ, ಅದಕ್ಕೆಂದು ಉಜ್ಜಿದ ಮಿನುಗುವ ಜಾಗಕ್ಕೆ ಇಟ್ಟ: ಹಾಸಿಗೆಯ ಮೇಲೆ ಮಲಗಿದಂತೆ ಮೆತ್ತಗೆ. ಮತ್ತೆ ಬೋಲ್ಟು, ಮತ್ತೆ ಮಿನುಗು. ಎರಡರ ನಡುವೆ ನಾಲ್ಕು ಬೆರಳು ದೂರ. ತಲೆ ಕೆಟ್ಟು ತುದಿಯನ್ನು ಒತ್ತಿದ. ಲೋಹ ಸಿಪ್ಪೆಯಾಗಿ ಸುರುಳಿ ಸುತ್ತಿಕೊಂಡು ಎದ್ದು ಬಂತು.

ಲೋಹ ಹಾಗೆ ಏಳುವುದಿಲ್ಲ. ಅವನು ಕೂಗಿ ಸೆನ್ಸರಕ್ಕನನ್ನು ಕರೆದ. ಇಬ್ಬರೂ ಕೆರೆದರು. ಹಸಿರಿನ ಕೆಳಗೆ ಬೆಳ್ಳಿ ಬಣ್ಣ. ಹಿಂದಿನ ಮ್ಯಾನೇಜರಿಗೆ ಬೆಳ್ಳಿಯ ಹುಚ್ಚಿತ್ತು. ಅದರ ಕೆಳಗೆ ನೀಲಿ, ಇಟ್ಟಿಗೆ ಕೆಂಪು, ಬಾಳೆಹಣ್ಣಿನ ಹಳದಿ. ಎಲ್ಲಕ್ಕೂ ಅಡಿಯಲ್ಲಿ ಬೆರಳು ದಪ್ಪದ ಪುಟ್ಟಿ, ಯಾವುದೋ ಕಾಲದ ಗಣ್ಯರು ಬರುವ ಮುನ್ನ ಅತ್ತೆಯ ಮುಖದ ಕುಳಿ ಮುಚ್ಚಲು ಮೆತ್ತಿದ್ದು. ಬಾಗಿಲ ಎದುರಿಗೇ ಇದ್ದ ಪಾಪಕ್ಕೆ ಬೇರೆ ಯಾವ ಯಂತ್ರಕ್ಕೂ ಸಿಗದ ಶೃಂಗಾರ ಇದಕ್ಕೆ ಸಿಕ್ಕಿತ್ತು. ಸೆನ್ಸರು ಪಂಪಿನ ನಾಡಿ ಹಿಡಿದಿರಲಿಲ್ಲ, ಮೂವತ್ತು ವರ್ಷದ ಮುಖಸ್ತುತಿಯ ಮೇಲೆ ಕೂತು ಎಲ್ಲವೂ ಕ್ಷೇಮ ಎಂದು ಬರೆಯುತ್ತಿತ್ತು.

"ಹದಿನೇಳು ವರ್ಷದ ಸರ್ವೀಸು ನಂದು," ಎಂದಳು ಸೆನ್ಸರಕ್ಕ, ಬೆಳ್ಳಿಯ ಸಿಪ್ಪೆಯನ್ನು ಅಂಗೈಯಲ್ಲಿಟ್ಟುಕೊಂಡು. "ಬಣ್ಣಕ್ಕೆ ಅಂಟು ಹಾಕಿದೀನಿ. ಯಾರಿಗೂ ಹೇಳಬೇಡಿ ಅನ್ನೋಕೂ ನಾಚಿಕೆ."

ನಿಜವಾದ ಲೋಹಕ್ಕೆ ಅಂಟಿಸಿದ ಅರ್ಧ ಗಂಟೆಗೆ ಪರದೆ ಕೆಂಪಾಯಿತು. ಭಾನುವಾರ ಅತ್ತೆಯನ್ನು ಬಿಚ್ಚಿದರು. ಬೇರಿಂಗು ಕೈಗೆ ಪುಡಿಪುಡಿಯಾಗಿ ಬಂತು.

ಇಷ್ಟಕ್ಕೆ ಆಸ್ಪತ್ರೆಯ ಚೀಟಿ ರದ್ದಾಗುತ್ತದೆಂದು ಕಿವಿಯಣ್ಣ ತಿಳಿದಿದ್ದ. ಗೆದ್ದವರಿಗೆ ಅಷ್ಟು ಸುಲಭದ ಬಿಡುಗಡೆ ಎಲ್ಲಿಯದು? ಮ್ಯಾನೇಜರು ಭಾವುಕರಾಗಿದ್ದರು. ಇಂಥ ಕಿವಿಯ ಶಕ್ತಿ ಎಷ್ಟೆಂದು ಅಳೆಸಿ, ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಬಾಗಿಲ ಬಳಿ ತೂಗುಹಾಕುವುದೆಂದು ತೀರ್ಮಾನಿಸಿ, ತಮ್ಮ ಕಾರಿನಲ್ಲೇ ಅವನನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿಯವರು ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಬಲಗಿವಿಯ ಸರದಿಯಲ್ಲಿ ಕಿವಿಯಣ್ಣ ಒಂದು ಸಲವೂ ಒತ್ತಲಿಲ್ಲ. ಅಡ್ಡಾದಿಡ್ಡಿ ಒತ್ತಿ ಏಮಾರಿಸಬಹುದಿತ್ತು. ಆದರೆ ಬೆಳ್ಳಿ ಬಣ್ಣದ ಮೇಲೆ ಕೂತು ಹಸಿರು ತೋರಿಸುವುದು ಅವತ್ತು ಅವನಿಗೆ ಆಗಲಿಲ್ಲ.

ವರದಿ ನೋಡಿ ಮ್ಯಾನೇಜರ ಹುಬ್ಬು ಗಂಟಾಯಿತು. ಕಿವಿಯಣ್ಣ ಎದ್ದು ನಿಂತ.

"ಅದು ನಿಜ ಸಾರ್. ನಂಗೆ ಈ ಕಿವಿ ಕೇಳಿಸಲ್ಲ. ಆರು ವರ್ಷ ಆಯ್ತು."

ಮ್ಯಾನೇಜರು ಅವನ ಭುಜ ತಟ್ಟಿ ನಕ್ಕರು. ಪ್ರತಿಭಾವಂತರ ವಿನಯ ಅವರಿಗೆ ಹೊಸದಲ್ಲ. ಆಮೇಲೆ ಆಸ್ಪತ್ರೆಯವರ ಕಡೆ ತಿರುಗಿ, ಯಂತ್ರಗಳನ್ನು ಕುರುಡಾಗಿ ನಂಬಬಾರದು, ನಮ್ಮಲ್ಲೂ ಮೊನ್ನೆ ಹೀಗೇ ಆಯಿತು, ಕೆಳಗೆ ಎಲ್ಲಾದರೂ ಬಣ್ಣ ಇದೆಯೋ ನೋಡಿಕೊಳ್ಳಿ ಎಂದು ಬುದ್ಧಿ ಹೇಳಿದರು. ವರದಿಯನ್ನು ಅಲ್ಲೇ ಬಿಟ್ಟುಬಂದರು. ದಾರಿಯಲ್ಲಿ ಇನ್ನೊಂದು ಅಪ್ಪಣೆಯಾಯಿತು: ಈ ವಿದ್ಯೆ ಅವನೊಂದಿಗೆ ಮಣ್ಣಾಗಕೂಡದು, ನಾಳೆಯಿಂದ ಆರು ಜನ ಫಿಟ್ಟರುಗಳಿಗೆ ಕೇಳುವ ಪಾಠ ಶುರುವಾಗಬೇಕು.

ಮರುದಿನ ಆರೂ ಜನ, ಒಬ್ಬೊಬ್ಬರೂ ಹೊಚ್ಚ ಹೊಸ ಸ್ಕ್ರೂಡ್ರೈವರ್ ಹಿಡಿದು, ತಲೆ ಬಾಚಿಕೊಂಡು, ಅತ್ತೆಯ ಮುಂದೆ ಸಾಲಾಗಿ ನಿಂತರು. ಕಿವಿಯಣ್ಣ ಜೇಬಿನಿಂದ ಹತ್ತಿಯ ಉಂಡೆ ತೆಗೆದು ಎಲ್ಲರಿಗೂ ಹಂಚಿದ.

"ಮೊದಲು ಎರಡೂ ಕಿವಿಗೆ ತುರುಕ್ಕೊಳ್ಳಿ," ಎಂದ.

ಇದರಲ್ಲಿ ಏನೋ ಮಹಾ ಗುಟ್ಟಿರಬೇಕೆಂದು ಆರೂ ಜನ ಭಕ್ತಿಯಿಂದ ತುರುಕಿಕೊಂಡರು.