ಪಗಡಿಯ ಅಳತೆಗೆ ಕೊಂಡ ಕನ್ನಡಿ

ನಮ್ಮ ಮನೆಗೆ ಕನ್ನಡಿಯನ್ನು ಆರಿಸಿ ತಂದವರು ಗಂಡಸರು. ಆ ಆಯ್ಕೆಯ ಫಲವನ್ನು ಉಂಡವಳು ನನ್ನ ಸೋದರತ್ತೆ. ಈ ಸಲದ ಶ್ರಾವಣದಲ್ಲಿ ಮಿರಜಿನ ಆಸ್ಪತ್ರೆಯಲ್ಲಿ ಆಕೆಯ ಎಡಗಣ್ಣಿನ ಕೆಳರೆಪ್ಪೆಯ ಅರ್ಧವನ್ನು ಕತ್ತರಿಸಿ ತೆಗೆದರು.

ಕನ್ನಡಿಗೂ ಕಣ್ರೆಪ್ಪೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಡಾಕ್ಟರರೂ ಹೆಚ್ಚುಕಡಿಮೆ ಅದನ್ನೇ ಕೇಳಿದರು.

ರೆಪ್ಪೆಯ ಮೇಲಿನ ಈ ಗಂಟು ಮೊದಲು ರಾಗಿಯ ಕಾಳಿನಷ್ಟಿದ್ದಿರಬೇಕು, ಆಗಲೇ ಬಂದಿದ್ದರೆ ಕೆಲಸ ಸಣ್ಣದಾಗುತ್ತಿತ್ತು, ಇದನ್ನು ಮೊದಲು ನೋಡಿದ್ದು ಯಾವಾಗ ಎಂದು ಅವರು ಮರಾಠಿಯಲ್ಲಿ ವಿಚಾರಿಸಿದರು. ಅತ್ತೆ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

"ನಾ ಎಲ್ಲೆ ನೋಡ್ಲಿವಾ? ಕೈಗೆ ಹತ್ತಿತ್ತು. ಒಲಿ ಹೊಗಿಗೆ ಕುರು ಎದ್ದದ ಅಂತ ಸುಮ್ಮನಿದ್ದೆ."

"ಕನ್ನಡಿಯಲ್ಲಿ ನೋಡಿಕೊಳ್ಳಲಿಲ್ಲವೇ?" ಎಂದರು ಡಾಕ್ಟರರು. ಅವರು ದೂರದ ಊರಿನವರು, ವಯಸ್ಸಿನಲ್ಲಿಯೂ ಸಣ್ಣವರು. ಅವರ ಪ್ರಶ್ನೆಗೆ ಉತ್ತರ ಇಲ್ಲಿದೆ.

ನಾನು ಚಿಕ್ಕವಳಿದ್ದಾಗ ಸಾಂಗ್ಲಿಯ ನಮ್ಮ ಮನೆಯಲ್ಲಿ ಗೋಡೆಗನ್ನಡಿ ಎಂಬುದೇ ಇರಲಿಲ್ಲ. ಹೆಂಗಸರ ಕುಂಕುಮದ ಪೆಟ್ಟಿಗೆಯ ಮುಚ್ಚಳದೊಳಗೆ ಅಂಗೈಯಗಲದ ಗಾಜು ಇರುತ್ತಿತ್ತು. (ಅದರಲ್ಲಿ ಒಂದು ಸಲಕ್ಕೆ ಒಂದು ಕಣ್ಣು ಕಾಣುತ್ತಿತ್ತು, ಎರಡನೆಯದನ್ನು ನಂಬಿಕೊಳ್ಳಬೇಕಾಗಿತ್ತು.) ನಮ್ಮ ಅಜ್ಜ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರು. ಅವರಿಗೆ ಬಡ್ತಿಯಾಯಿತು. ಬಡ್ತಿಯಾದ ಮನುಷ್ಯ ತನ್ನ ಪಗಡಿ ನೆಟ್ಟಗಿದೆಯೇ ಎಂದು ಹೆಂಡತಿಯನ್ನು ಕೇಳುತ್ತ ನಿಲ್ಲಬಹುದೇ? ಕನ್ನಡಿ ಬೇಕೆಂದು ನಿಶ್ಚಯವಾಯಿತು.

ಅದನ್ನು ಕೊಳ್ಳಲು ಟಾಂಗಾ ಮಾಡಿಕೊಂಡು ಮಿರಜಿಗೆ ಹೋದೆವು. ಅಜ್ಜ, ಅವರ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಪಗಡಿ, ನಾನು, ಮತ್ತು ದೀಪಾವಳಿಗೆಂದು ತವರಿಗೆ ಬಂದಿದ್ದ ಅತ್ತೆ. ಆಗ ಆಕೆ ಮದುವೆಯಾದ ಹೊಸ ಹುಡುಗಿ. ಹಸಿರು ಬಳೆ, ಮೊಣಕೈಯವರೆಗೆ ಮದರಂಗಿ. ದಾರಿಯುದ್ದಕ್ಕೂ ಹೊಲಗಳಲ್ಲಿ ಅರಿಶಿನದ ಎಲೆಗಳು ನನ್ನ ಎತ್ತರಕ್ಕೆ ನಿಂತಿದ್ದವು. ಗಾಳಿ ಬೀಸಿದಾಗಲೆಲ್ಲ ಅತ್ತೆ ಮೂಗು ಮೇಲೆ ಮಾಡಿ, "ತವರುಮನಿ ವಾಸನಿ ಅಂದ್ರ ಇದ ನೋಡು" ಎನ್ನುತ್ತಿದ್ದಳು. ಇಂದಿಗೂ ಆ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಆ ಮೇಲೆತ್ತಿದ ಮುಖ.

ಅಂಗಡಿಯಲ್ಲಿ ಆಳೆತ್ತರದ ಒಂದು ಕನ್ನಡಿ ಗೋಡೆಗೆ ಒರಗಿತ್ತು. ಅತ್ತೆ ಅದರ ಮುಂದೆ ಹೋಗಿ ನಿಂತವಳು ಅಲ್ಲಿಂದ ಕದಲಲಿಲ್ಲ.

"ಅಯ್ಯ, ಅಪ್ಪಾ, ನಾ ಇಷ್ಟು ಎತ್ತರ ಇದ್ದೇನೇನ್ರಿ?"

"ಬಾಜೂಕ ಸರಿ," ಎಂದರು ಅಜ್ಜ. "ಪಗಡಿ ಕಾಣಸವಲ್ಲದು."

ಅವರು ಆರಿಸಿದ ರೀತಿ ಹೀಗಿತ್ತು: ಪಗಡಿಯನ್ನು ಇಟ್ಟುಕೊಂಡು ಒಂದೊಂದೇ ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲುವುದು. ಗದ್ದದಿಂದ ಪಗಡಿಯ ತುದಿಯವರೆಗೆ ಯಾವುದರಲ್ಲಿ ಸರಿಯಾಗಿ ಕೂಡುವುದೋ ಅದೇ ಒಳ್ಳೆಯ ಕನ್ನಡಿ. ಗಾಜು ಹೇಗಿದೆ, ಮನೆಯಲ್ಲಿ ಉಳಿದವರು ಎಷ್ಟು ಎತ್ತರ, ಅದನ್ನು ಯಾವ ಬೆಳಕಿನಲ್ಲಿ ಹಾಕುವುದು ಎಂದು ಯಾರೂ ಕೇಳಲಿಲ್ಲ. ಮರಳುವಾಗ ಸಾಂಗ್ಲಿ ಸಂಸ್ಥಾನದ ಜಕಾತಿ ನಾಕೆಯಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ, ಟಾಂಗಾ ನಿಲ್ಲಿಸಿ ಕನ್ನಡಿಯನ್ನು ಬಿಚ್ಚಿಸಿದರು. ನಾಕೆಯ ಕಾರಕೂನ ಅದರಲ್ಲಿ ತನ್ನ ಪಗಡಿಯನ್ನು ಸರಿಮಾಡಿಕೊಂಡು, ಮೀಸೆಯನ್ನೂ ಒಮ್ಮೆ ನೋಡಿಕೊಂಡು, ಹೋಗಿರಿ ಎಂದ. ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಆ ಕನ್ನಡಿ ಎರಡು ಪಗಡಿಗಳನ್ನು ಕಂಡಿತ್ತು.

ಅಜ್ಜನ ಎತ್ತರಕ್ಕೆ ಅದನ್ನು ಹೊರಗಿನ ಸೋಪಾದಲ್ಲಿ, ಅಂದರೆ ಗಂಡಸರು ಕೂಡುವ ಪಡಸಾಲೆಯಲ್ಲಿ, ತೂಗುಹಾಕಿದರು. ಅವ್ವ ತುದಿಗಾಲ ಮೇಲೆ ನಿಂತರೆ ಅದರಲ್ಲಿ ಬೈತಲೆಯಷ್ಟು ಕಾಣುತ್ತಿತ್ತು. ಅಜ್ಜಿಗೆ ಎದುರು ಗೋಡೆಯ ತೊಲೆ ಕಾಣುತ್ತಿತ್ತು. ಅಜ್ಜ ತೀರಿದರು, ಪಗಡಿಯ ಫ್ಯಾಶನ್ ಕೂಡ ಹೋಯಿತು. ಕನ್ನಡಿ ಮಾತ್ರ ಇಂದಿಗೂ ಅಷ್ಟೇ ಎತ್ತರದಲ್ಲಿದೆ.

ಮರುವರ್ಷ ಅತ್ತೆಯ ಗಂಡ ವಿಷಮಜ್ವರದಲ್ಲಿ ಹೋದರು. ಆಕೆ ವಿಧವೆಯರು ಉಡುವ ಕೆಂಪು ಸೀರೆಯುಟ್ಟು, ತಲೆ ಬೋಳಿಸಿಕೊಂಡು, ಒಂದು ಟ್ರಂಕಿನೊಡನೆ ತವರಿಗೆ ಬಂದಳು. ಟ್ರಂಕಿನಲ್ಲಿ ಕುಂಕುಮದ ಪೆಟ್ಟಿಗೆ ಇರಲಿಲ್ಲ. ಅದನ್ನು ಆಕೆಯ ಗಂಡನ ಮನೆಯವರು ತೆಗೆದುಕೊಂಡು ಮೈದುನನ ಹೆಂಡತಿಗೆ ಕೊಟ್ಟಿದ್ದರು. ಕುಂಕುಮ ಹೋಯಿತು, ಅದರೊಡನೆ ಮುಚ್ಚಳದ ಕನ್ನಡಿಯೂ ಹೋಯಿತು. ವಿಧವೆ ಕನ್ನಡಿ ನೋಡಬಾರದು. ಬೆಳಿಗ್ಗೆ ಎದ್ದು ಯಾರೂ ವಿಧವೆಯ ಮುಖ ನೋಡಬಾರದು. ಹೊರಗೆ ಹೊರಟ ಗಂಡಸಿಗೆ ಆಕೆ ಎದುರಾಗಬಾರದು. ಸೆರಗು ಹುಬ್ಬಿನ ಕೆಳಗೆ ಇರಬೇಕು. ಈ ನಿಯಮಗಳನ್ನು ಒಂದರ ಪಕ್ಕಕ್ಕೆ ಒಂದನ್ನಿಟ್ಟು ನೋಡಿರಿ. ಒಂದು ಮುಖವನ್ನು ಅದರ ಒಡತಿಯೂ ನೋಡದಂತೆ, ಮನೆಯವರೂ ನೋಡದಂತೆ ಏರ್ಪಾಡು ಮಾಡಿದ್ದೇವೆ. ಇದಕ್ಕೆ ಕಳವು ಎಂಬುದೇ ಸರಿಯಾದ ಮಾತು. ಕದ್ದವರು ಹೊರಗಿನವರಲ್ಲ. ಆಕೆಯ ಗಂಡನ ಮನೆ, ನಮ್ಮ ಮನೆ, ಪುರೋಹಿತರು, ಒಪ್ಪಿ ತಲೆಯಾಡಿಸಿದ ನೆರೆಹೊರೆ, ಎಲ್ಲರೂ ಇದರಲ್ಲಿ ಸೇರಿದ್ದೆವು.

ಆದರೂ ಆ ಮನೆಯ ಬೆಳಗುಗಳು ಬೇಡವೆಂದರೂ ನೆನಪಿಗೆ ಬರುತ್ತವೆ. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಅತ್ತೆ, ಕೆಳಗಿನ ಮೆಟ್ಟಿಲ ಮೇಲೆ ನಾನು. ಕೊಬ್ಬರಿ ಎಣ್ಣೆಯ ಬಟ್ಟಲು. ತನ್ನ ತಲೆಯಲ್ಲಿ ಕೂದಲಿಲ್ಲದ ಆಕೆ ಓಣಿಯ ಹುಡುಗಿಯರಿಗೆಲ್ಲ ಹೆರಳು ಹಾಕುತ್ತಿದ್ದಳು. ಹಬ್ಬ ಹುಣ್ಣಿವೆಗಳಲ್ಲಿ ಯಾರೂ ಬರುತ್ತಿರಲಿಲ್ಲ, ಉಳಿದ ದಿನಗಳಲ್ಲಿ ಸಾಲು ಹಚ್ಚುತ್ತಿದ್ದರು. ಕೆಲಸ ಮುಗಿದ ಮೇಲೆ ಬೆನ್ನಿಗೆ ಒಂದು ಸಣ್ಣ ಪೆಟ್ಟು ಬೀಳುತ್ತಿತ್ತು: "ಏಳು, ಸೋಪಾದಾಗ ಹೋಗಿ ನೋಡಿಕೊಂಡು ಬಾ. ಬೈತಲಿ ಸೊಟ್ಟ ಇದ್ರ ನನ್ನ ಹೆಸರು ಹೇಳಬ್ಯಾಡ, ನಿನ್ನ ಬುರುಡಿನ ಸೊಟ್ಟ." ನಾನು ಬೆಂಚಿನ ಮೇಲೆ ಹತ್ತಿ ನೋಡಿಕೊಂಡು ಬಂದು, ನೆಟ್ಟಗಿದೆ ಎಂದು ಹೇಳುತ್ತಿದ್ದೆ. ಆಕೆ ತೃಪ್ತಿಯಿಂದ ಬಟ್ಟಲನ್ನು ಎತ್ತಿಡುತ್ತಿದ್ದಳು. ಅಂತಹ ಸುಖವಾದ ಮುಂಜಾವುಗಳು ನನಗೆ ಮತ್ತೆ ಸಿಕ್ಕಿಲ್ಲ. ನಾನು ಮುಂದೆ ಟ್ರೇನಿಂಗಿಗೆಂದು ಪುಣೆಗೆ ಹೋದೆ, ಅಲ್ಲಿಯೇ ಕೆಲವು ಕಾಲ ಕಲಿಸಿದೆ, ಹೋದ ವರ್ಷ ಸಾಂಗ್ಲಿಯ ಶಾಲೆಗೆ ಮರಳಿದೆ. ಆ ನಡುವೆ ಎಂದೋ ಆ ಗಂಟು ಸೆರಗಿನ ನೆರಳಿನಲ್ಲಿ ಬೆಳೆಯಿತು.

ಆಪರೇಶನ್ ಆದ ಮೇಲೆ ಡಾಕ್ಟರರು ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದರು. ಈ ಜಾತಿಯ ಗಂಟಿನ ಬೇರು ಉಳಿದಿರಬಹುದು. ಗಾಯದ ಅಂಚಿನಲ್ಲಿ ಮತ್ತೆ ಮುತ್ತಿನಂತಹ ಗುಳ್ಳೆ ಕಂಡರೆ ಅದೇ ದಿನ ಬರಬೇಕು. ತಡವಾದರೆ ಕಣ್ಣು ಹೋಗುತ್ತದೆ. ಪ್ರತಿದಿನ ಆಕೆಯೇ ಕನ್ನಡಿಯಲ್ಲಿ ನೋಡಿಕೊಳ್ಳಲಿ.

ಮನೆಗೆ ಬಂದು, ಅತ್ತೆಯ ಕೋಣೆಗೊಂದು ಕನ್ನಡಿ ಬೇಕೆಂದು ಅಣ್ಣನಿಗೆ ಹೇಳಿದೆ. ನನ್ನ ಅಣ್ಣ ವಕೀಲರು. ಸ್ತ್ರೀಶಿಕ್ಷಣದ ಸಭೆಗಳಲ್ಲಿ ಅವರ ಭಾಷಣಕ್ಕೆ ಒಳ್ಳೆಯ ಚಪ್ಪಾಳೆ ಬೀಳುತ್ತದೆ.

"ನಂದೇನೂ ತಕರಾರಿಲ್ಲ," ಎಂದರು. "ಆದ್ರ ಮಂದಿ ಏನಂದಾರು?"

"ಅತ್ಯಾನ ಕೋಣಿ ಅಡಿಗಿಮನಿ ಹಿಂದ ಅದ. ಅಲ್ಲೆ ಯಾವ ಮಂದಿ ಬರ್ತಾರ, ಅಣ್ಣಾ?"

"ದಿನಾ ನೀನ ನೋಡಿ ಹೇಳು. ಸುಮ್ಮನ ಅವ್ವಗ ಯಾಕ ಸಂಕಟ ಕೊಡೂದು?"

ಅವ್ವ ಒಳಗಿನಿಂದಲೇ ಹೇಳಿದಳು: "ನನ್ನ ಹೆಸರು ಯಾಕ ತಗೀತಿಯಪಾ? ನಿನಗ ಬ್ಯಾಡಾದ್ರ ನಿನಗ ಬ್ಯಾಡ ಅನ್ನು."

ಅಣ್ಣ ಕೋರ್ಟಿಗೆ ಹೊತ್ತಾಯಿತೆಂದು ಎದ್ದರು. ನಮ್ಮ ಸುಧಾರಕರಿಗೆ ಹೊತ್ತಾಗುವುದು ಯಾವಾಗಲೂ ಇಂತಹ ಸಮಯಕ್ಕೇ.

ಮುಂದಿನ ಸಲ ಪಟ್ಟಿ ಬದಲಿಸಲು ಮಿರಜಿಗೆ ಹೋದಾಗ ನಾನು ಅತ್ತೆಯನ್ನು ಪೇಟೆಗೆ ಕರೆದುಕೊಂಡು ಹೋದೆ. ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ. ಕನ್ನಡಿ ಬೇಕು ಎಂದೆ. ಯಾರಿಗೆ ಎಂದು ಕೇಳಿದ. ಇವರಿಗೆ ಎಂದೆ. ಅವನ ಕಣ್ಣು ಕೆಂಪು ಸೀರೆಯ ಮೇಲೆ ಹೋಗಿ ತಿರುಗಿ ಬಂತು.

"ಬೋಣಿ ಆಗಿಲ್ರಿ ಬಾಯಾರ, ಇನ್ನಾ. ಜರಾ ಹೊತ್ತು ಬಿಟ್ಟು ಬರ್ರಿ."

ದಿನದ ಮೊದಲ ಮಾರಾಟ ವಿಧವೆಯ ಕೈಗೆ, ಅದೂ ಕನ್ನಡಿ. ಅವನಿಗೆ ಅದು ಆಗದು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತೇಬಿಟ್ಟಳು.

"ಹಂಗಾರ ಮೊದಲ ನಮ್ಮ ಹುಡುಗಿಗೆ ಒಂದು ಮೊಳಿ ಮಾರಪಾ. ಬೋಣಿ ಆಗಿ ಹೋಗಲಿ. ಆಮ್ಯಾಲೆ ಕನ್ನಡಿ ತೋರಸು. ನಿನ್ನ ದೇವರಿಗೂ ಲೆಕ್ಕ ಸರಿ ಹೋಗತದ."

ಅಂಗಡಿಯವನು ನಕ್ಕು, ಒಂದು ಮೊಳೆಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ನಾನಾದರೋ ಒಂದು ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ಅದು ಉಪಯೋಗಕ್ಕೆ ಬರಲಿಲ್ಲ.

ಕನ್ನಡಿ ಕೊಳ್ಳುವ ಓದುಗರಿಗೆ ನಾಲ್ಕು ಮಾತು ಹೇಳುತ್ತೇನೆ. ಅವನು ಮೊದಲು ತೋರಿಸಿದ್ದು ಗಿಳಿ ಕೆತ್ತಿದ ಫ್ರೇಮು. ಗಿಳಿಗಳು ಚೆನ್ನಾಗಿದ್ದವು. ಗಾಜಿನಲ್ಲಿ ಬಾಗಿಲ ಚೌಕಟ್ಟನ್ನು ನೋಡುತ್ತ ತಲೆಯನ್ನು ಅತ್ತಿತ್ತ ಆಡಿಸಿದರೆ ಚೌಕಟ್ಟು ಹಾವಿನಂತೆ ಬಳುಕಿತು. ಗೆರೆ ಬಳುಕಿದರೆ ಆ ಗಾಜು ಬೇಡ. ಗಾಜಿನ ಬೆನ್ನಿಗೆ ಬಳಿದ ಕೆಂಪು ಬಣ್ಣ ಎಲ್ಲಿಯೂ ಎದ್ದಿರಬಾರದು. ಸುಣ್ಣದ ಗೋಡೆಯ ತಂಪಿಗೆ ಅಲ್ಲಿಂದಲೇ ಕಪ್ಪು ಕಲೆ ಹಬ್ಬುತ್ತದೆ. ಬೆಳಕು ನೋಡುವವರ ಮುಖದ ಮೇಲೆ ಬೀಳಬೇಕು, ಗಾಜಿನ ಮೇಲಲ್ಲ. ಎಲ್ಲಕ್ಕಿಂತ ಮೊದಲು, ಯಾರ ಮುಖಕ್ಕಾಗಿ ಕೊಳ್ಳುತ್ತೀರೋ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿರಿ.

ಆದರೆ ಕರೆದುಕೊಂಡು ಹೋದವರು ಬೆನ್ನು ತಿರುಗಿಸಿ ಕುಳಿತರೆ?

"ಆಯೀ, ಇತ್ತಾಗ ತಿರುಗ್ರಿ. ನಿಮಗಂತನ ತಗದೇನಿ," ಎಂದ ಅಂಗಡಿಯವನು. ಬೋಣಿಯಾದ ಮೇಲೆ ಅವನ ಧ್ವನಿಯೇ ಬೇರೆ.

"ನೀ ತೋರಸು, ಆಕಿ ನೋಡ್ತಾಳ. ನಂದೇನದ ಅದರಾಗ," ಎಂದಳು ಅತ್ತೆ, ಬೀದಿಯ ಕಡೆ ಮುಖ ಮಾಡಿಯೇ.

ಸಾದಾ ತೇಗದ ಫ್ರೇಮಿನ ಒಂದನ್ನು ನಾನೇ ಆರಿಸಿದೆ. ಆಕೆಯ ಕೋಣೆಯಲ್ಲಿ ಕಿಟಕಿಯ ಪಕ್ಕಕ್ಕೆ, ಆಕೆ ಚಾಪೆಯ ಮೇಲೆ ಕುಳಿತಾಗ ಮುಖ ಕಾಣುವ ಎತ್ತರಕ್ಕೆ ಹಾಕಿದೆ. ಸಂಜೆ ಶಾಲೆಯಿಂದ ಬಂದು ನೋಡಿದರೆ ಅದರ ಮೇಲೊಂದು ಪಂಚೆ.

"ಧೂಳು ಕೂಡ್ತದವಾ."

ಹೀಗೆ ಎಷ್ಟೋ ದಿನ ನಡೆಯಿತು. ನಾನು ಪಂಚೆ ತೆಗೆಯುವುದು, ಆಕೆ ಹಾಕುವುದು. ಬೆಳಿಗ್ಗೆ ಅವಸರದಲ್ಲಿ ನಾನೇ ಗಾಯವನ್ನು ನೋಡಿ ಹೋಗುತ್ತಿದ್ದೆ. ಕೆಲವೊಮ್ಮೆ ಅದೂ ಆಗುತ್ತಿರಲಿಲ್ಲ. ಕಣ್ಣು ಹೋಗುತ್ತದೆ ಎಂಬ ಮಾತು ನನ್ನ ಎದೆಯಲ್ಲಿ ಕುಳಿತಿತ್ತು. ಕೊನೆಗೊಂದು ದಿನ ಹೇಳಿದೆ: "ಮಾರಿ ನೋಡಬ್ಯಾಡ್ರಿ ಅತ್ಯಾ. ರೆಪ್ಪಿ ಅಷ್ಟ ನೋಡಿಕೋರಿ."

"ರೆಪ್ಪಿ ನೋಡೂ ಮುಂದ ಮಾರಿ ಎಲ್ಲೆ ಹೋಗಿ ನಿಂದರ್ತದ, ಮಾಸ್ತರಬಾಯಿ?" ಎಂದು ನಕ್ಕಳು. ನಕ್ಕ ಮೇಲೆ ಮೆಲ್ಲಗೆ, "ಕಡೀಕ ನೋಡಿದಾಗ ಕುಂಕುಮ ಇತ್ತು. ಅದ ಇರ್ಲಿ ಅಂತ," ಎಂದಳು.

ಅಂದು ಪಂಚೆಯನ್ನು ಕನ್ನಡಿಯ ಮೇಲೆ ನಾನೇ ಮರಳಿ ಹಾಕಿದೆ.

ಆ ವಾರ ಇನ್ನೂ ಮುಗಿದಿರಲಿಲ್ಲ. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಕರೆದಳು. ಪಂಚೆ ಮಡಿಸಿ ಪಕ್ಕಕ್ಕೆ ಇಟ್ಟಿತ್ತು. ಸೆರಗು ಹೆಗಲ ಮೇಲಿತ್ತು. ಕಿಟಕಿಯ ಬೆಳಕಿನಲ್ಲಿ ಆಕೆ ಕನ್ನಡಿಯ ಮುಂದೆ ಕುಳಿತಿದ್ದಳು.

"ಇಕಿ ಯಾರ? ನಮ್ಮವ್ವ ಕೂತಹಂಗ ಕೂತಾಳ," ಎಂದಳು. "ಇಷ್ಟು ಮುದುಕಿ ಆಗೇನಿ, ಒಬ್ಬರರ ಹೇಳಬಾರದ?"

ಆಕೆ ನನ್ನ ಉತ್ತರಕ್ಕೆ ಕಾಯದೆ ಕಿರುಬೆರಳನ್ನು ರೆಪ್ಪೆಯ ಮೂಲೆಗೆ ಒಯ್ದಳು. "ಅದಿರ್ಲಿ. ಇಲ್ಲೆ ನೋಡು, ಮೂಗಿನ ಕಡಿ. ಸಾಸಿವಿಯಷ್ಟು. ನಿನ್ನೆ ಇದ್ದಿಲ್ಲ ಇದು."

ನಿನ್ನೆ. ಅಂದರೆ ನಿನ್ನೆಯೂ ನೋಡಿದ್ದಳು.

ನಾನು ಬಗ್ಗಿ ನೋಡಿದರೂ ಮೊದಲಿಗೆ ಏನೂ ಕಾಣಲಿಲ್ಲ. ಆಕೆ ಮುಖವನ್ನು ಬೆಳಕಿಗೆ ತಿರುಗಿಸಿದ ಮೇಲೆ ಕಂಡಿತು: ಹೊಳೆಯುವ ಒಂದು ಚುಕ್ಕೆ. ಶಾಲೆಗೆ ರಜೆ ಹೇಳಿ ಕಳಿಸಿ, ಸಿಕ್ಕ ಟಾಂಗಾ ಹತ್ತಿ ಮಿರಜಿಗೆ ಹೋದೆವು. ಡಾಕ್ಟರರು ಅಂದೇ ಅದನ್ನು ತೆಗೆದರು. ಇಷ್ಟು ಬೇಗ ಬಂದದ್ದರಿಂದ ಕಣ್ಣಿಗೆ ಅಪಾಯವಿಲ್ಲ ಎಂದರು. ಬಳಿಕ ನನ್ನ ಕಡೆ ನೋಡಿ, ಇದನ್ನು ಗುರುತಿಸಿದವರು ಯಾರು ಎಂದು ಕೇಳಿದರು.

"ನಾ," ಎಂದಳು ಅತ್ತೆ, ಕನ್ನಡದಲ್ಲಿಯೇ, ಅವರ ಮುಖವನ್ನು ನೇರವಾಗಿ ನೋಡುತ್ತ.

ಈ ಮಾತನ್ನು ಓದಿ ಸಂತೋಷಪಟ್ಟು ಪತ್ರಿಕೆಯನ್ನು ಮಡಿಸಿಡಲು ಹೊರಟ ಯಜಮಾನರು ಸ್ವಲ್ಪ ನಿಲ್ಲಬೇಕು. ಸಾಂಗ್ಲಿ ಮಿರಜಗಳಲ್ಲಿ ಕೆಂಪು ಸೀರೆಯುಟ್ಟವರು ನನ್ನ ಅತ್ತೆ ಒಬ್ಬಳೇ ಅಲ್ಲ. ಅವರ ಸೆರಗಿನ ಕೆಳಗೆ ಏನು ಬೆಳೆಯುತ್ತಿದೆಯೆಂದು ನಿಮಗೆ ಗೊತ್ತಿದೆಯೇ? ಅವರಿಗಾದರೂ ಗೊತ್ತಿದೆಯೇ? ಈ ಪದ್ಧತಿಯನ್ನು ಮಾಡಿದವರು ಹಿರಿಯರು, ನಾವಲ್ಲ ಎನ್ನುವಿರಿ. ಇಂದು ಅದನ್ನು ನಡೆಸುತ್ತಿರುವವರು ನೀವು.

ದೀಪಾವಳಿ ಬಂತು, ಗೋಡೆಗಳಿಗೆ ಸುಣ್ಣ ಬಳಿಯಲು ಮನೆಯ ಸಾಮಾನುಗಳನ್ನೆಲ್ಲ ಇಳಿಸಿದ್ದೀರಿ. ಅವನ್ನು ಮರಳಿ ಏರಿಸುವುದಕ್ಕೆ ಮೊದಲು, ನಿಮ್ಮ ಮನೆಯ ವಿಧವೆಯ ಕೋಣೆಯಲ್ಲಿ, ಆಕೆ ಕುಳಿತಾಗ ಮುಖ ಕಾಣುವ ಎತ್ತರಕ್ಕೆ, ಒಂದು ಒಳ್ಳೆಯ ಕನ್ನಡಿಯನ್ನು ನಿಮ್ಮ ಕೈಯಿಂದಲೇ ತೂಗುಹಾಕಿರಿ, ಮತ್ತು ಮರುದಿನ ಬೆಳಿಗ್ಗೆ ಮನೆಯಿಂದ ಹೊರಡುವಾಗ ಆಕೆಯ ಮುಖವನ್ನು ನೋಡಿಯೇ ಹೊರಡಿರಿ.