ತಲೆಯ ಮೇಲಿನ ಮಹಡಿಗಳು

ಫ್ರಿಜ್ ಹೊತ್ತ ಟೆಂಪೊ ನಮ್ಮ ಮನೆಯ ಮುಂದೆ ನಿಂತರೆ ನನಗೆ ಎದೆ ಡವಗುಟ್ಟುತ್ತದೆ. ನಗಬೇಡಿ. ಕುರುಬರಹಳ್ಳಿಯ ಈ ಮನೆಯಲ್ಲಿ ನೆಲಮಹಡಿಯಲ್ಲಿ ನಾನು, ನಡುವೆ ಬಾಡಿಗೆಯವರು, ಗಾಳಿ ಬೆಳಕು ಬೇಕೆಂದು ಎಲ್ಲರಿಗಿಂತ ಮೇಲೆ ಮಗ ಸೊಸೆ. ಏನೇ ಕೊಂಡರೂ ಅದು ಹತ್ತಿ ಕೂರುವುದು ನನ್ನ ತಲೆಯ ಮೇಲೆ.

ಇದಕ್ಕೆ ಪಾಯ ತೋಡಿದಾಗ ನಾನೂ ಮಣ್ಣು ಹೊತ್ತವಳು. ಗುಂಡಿಯಲ್ಲಿ ನಿಂತರೆ ಅದರ ಅಂಚು ನನ್ನ ಸೊಂಟದವರೆಗೂ ಬರುತ್ತಿರಲಿಲ್ಲ. ಶೀಟಿನ ಮನೆಗೆ ಅಷ್ಟು ಸಾಕಿತ್ತು. ಮಹಡಿಯ ಆಸೆ ಆಗ ನಮಗಿರಲಿಲ್ಲ. ಈಗ ಅದೇ ಪಾಯದ ಮೇಲೆ ಇನ್ನೂ ಒಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡಬೇಕೆಂದು ಮಗ ನಾಗೇಶ ಹೊರಟಿದ್ದಾನೆ.

ಮಧ್ಯಮ ವರ್ಗದವರು ಹೆಚ್ಚಿದರೆ ಊರು ಬೆಳೆಯುತ್ತದೆ ಎಂದು ಟೀವಿಯಲ್ಲಿ ಕೋಟು ಹಾಕಿದವರು ಹೇಳುತ್ತಿರುತ್ತಾರೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಅದು ಕಾಣುತ್ತದೆ. ಹೊಸ ಸಂಸಾರವೊಂದು ಬಂದರೆ ಹಾಲಿನವನು, ತಟ್ಟೆ ಇಡ್ಲಿಯವನು, ಇಸ್ತ್ರಿಯವಳು ಎಲ್ಲರ ಮುಖವೂ ಗೆಲುವಾಗುತ್ತದೆ. ನಮ್ಮ ಇಸ್ತ್ರಿಯವಳೂ ಸುಂಕದಕಟ್ಟೆಯ ತನ್ನ ಮನೆಯ ಮೇಲೆ ಮಹಡಿ ಕಟ್ಟಿಸಿದಳು. ಈಗ ಅವಳ ತಲೆಯ ಮೇಲೂ ಒಂದು ವಾಷಿಂಗ್ ಮೆಷಿನ್ ತಿರುಗುತ್ತದೆ. ಎಷ್ಟು ಮಹಡಿ ಎಂದು ಎಲ್ಲರೂ ಕೇಳುತ್ತಾರೆ, ಪಾಯ ಎಷ್ಟು ಆಳ ಎಂದು ಯಾರೂ ಕೇಳುವುದಿಲ್ಲ.

ನನ್ನ ಕೋಣೆಯ ಗೋಡೆ ಬಿರುಕು ಬಿಟ್ಟಾಗ ನಾಗೇಶ ಪುಟ್ಟಿ ಹಚ್ಚಿ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ. ಬೆಳಗ್ಗೆ ಎದ್ದು ಕ್ಯಾಲೆಂಡರ್ ಎತ್ತಿ ನೋಡುವುದೇ ನನ್ನ ಮೊದಲ ಪೂಜೆ. ದೇವರಿಗೆ ಕೈ ಮುಗಿಯುವುದು ಆಮೇಲೆ.

ಮೊನ್ನೆ ಅವನು ಮೇಸ್ತ್ರಿಯನ್ನು ಕರೆತಂದ. ನಾನು ಬೇಡವೆಂದೆ.

“ಅಮ್ಮ, ಏರಿಯಾದಲ್ಲಿ ಎಲ್ರೂ ಕಟ್ತಾ ಇದಾರೆ. ಯಾರ ಮನೆ ಬಿದ್ದಿದೆ ಹೇಳು?”

“ನಮ್ದು ಬಿದ್ಮೇಲೆ ಹೇಳೋಕೆ ನಾನಿರಲ್ಲ ಕಣೋ.”

ಮೇಸ್ತ್ರಿ ನಕ್ಕ. “ಏನೂ ಆಗಲ್ಲ ಅಜ್ಜಿ, ಗಟ್ಟಿ ಮನೆ.”

“ಸರಿ, ಕಟ್ಟಿಸಪ್ಪ ನಾಗೇಶ,” ಎಂದೆ. “ನೀನೂ ನಿನ್ನ ಹೆಂಡ್ತೀನೂ ಕೆಳಗೆ ಬಂದು ನನ್ನ ರೂಮಲ್ಲಿ ಮಲ್ಕೊಳ್ಳಿ. ಹೊಸ ಮಹಡೀಲಿ ನಾನಿರ್ತೀನಿ. ಮಂಡಿ ನೋವು ನಾನು ನೋಡ್ಕೋತೀನಿ.”

ನಾಗೇಶ ಇಷ್ಟು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ನನ್ನ ಕೋಣೆಯ ತಾರಸಿಯನ್ನು ನೋಡಿದ, ಬಹಳ ಹೊತ್ತು ನೋಡಿದ. ಮಾರನೆಯ ದಿನ ಮೇಸ್ತ್ರಿ ಬರಲಿಲ್ಲ. ಪಾಯ ಅಗೆದು ನೋಡಲು ಇಂಜಿನಿಯರ್ ಬಂದರು.

ಅವರು ಏನು ಹೇಳುತ್ತಾರೋ ಇನ್ನೂ ಗೊತ್ತಿಲ್ಲ. ನನ್ನ ಭಯವೂ ಹೋಗಿಲ್ಲ. ಆದರೆ ಈಗ ಮನೆಯಲ್ಲಿ ಹೆದರುವವರು ಇಬ್ಬರಿದ್ದೇವೆ. ಒಬ್ಬಳೇ ಹೆದರುವುದಕ್ಕಿಂತ ಇದು ವಾಸಿ.