ಬಿಸಿಲಿನ ಜಾಗ ತೋರಿಸಿದ ಚಹಾದಕ್ಕ

ಅವಳ ಬಲಗೈ ಮಣಿಕಟ್ಟಿನಲ್ಲಿ ಬಳೆಯಷ್ಟು ಅಗಲದ ಸುಟ್ಟ ಕಲೆ ಇತ್ತು. ಚಹಾದ ಕಿಟ್ಲಿ ದಿನವೂ ಅದೇ ಜಾಗಕ್ಕೆ ತಾಗಿ ತಾಗಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರಿಗೆ, ಈರುಳ್ಳಿ ಆರಿಸುವ ಹೆಂಗಸರಿಗೆ ಅವಳು ತಿರುಗಾಡಿ ಚಹಾ ಮಾರುತ್ತಿದ್ದಳು. ಯಾದಗಿರಿ ಕಡೆಯವಳು. ಎಲ್ಲರಿಗೂ ಚಹಾದಕ್ಕ.

ನಾನು ತುಮಕೂರಿನ ಶಾಲೆಯೊಂದರಲ್ಲಿ ಟೀಚರು. ಬೇಸಿಗೆ ರಜೆಗೆ ಪುಣೆಯ ಖರಾಡಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ, ಹೊಸ ಕ್ಯಾಮೆರಾ ಜೊತೆಗಿತ್ತು. ಗೊತ್ತಿಲ್ಲದ ಊರು. ಫೋನಿನಲ್ಲಿ ಹುಡುಕಿದ ಜಾಗಗಳಿಗೆಲ್ಲ ಹೋದೆ. ಎಲ್ಲ ಕಡೆಯೂ ನನ್ನಂಥವರೇ ಹತ್ತಾರು ಮಂದಿ ಅದೇ ಗೋಡೆಗೆ ಕ್ಯಾಮೆರಾ ಹಿಡಿದು ನಿಂತಿರುತ್ತಿದ್ದರು. ಬೇಸತ್ತು ಒಂದು ಬೆಳಿಗ್ಗೆ ಮಾರ್ಕೆಟ್ ಯಾರ್ಡಿಗೆ ಹೋಗಿ, ಲಾರಿಗಳ ನಡುವೆ ದಿಕ್ಕು ತೋಚದೆ ನಿಂತಿದ್ದಾಗ, ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಅವಳೇ ಹತ್ತಿರ ಬಂದಳು.

"ಏನ್ ಹುಡುಕ್ಲಿಕತ್ತೀ ತಂಗಿ?"

ಒಳ್ಳೆಯ ಫೋಟೋ ಸಿಗುವ ಜಾಗ ಎಂದೆ. ಅವಳು ನಗಲಿಲ್ಲ. ಬಿಸಿಲು ಬೇಕೋ ನೆರಳು ಬೇಕೋ ಎಂದು ಕೇಳಿದಳು. ಬಿಸಿ ಕಿಟ್ಲಿ ಹೊತ್ತು ನೆರಳು ನೋಡಿಕೊಂಡೇ ನಡೆಯುವವಳಿಗೆ ಆ ಮಾರುಕಟ್ಟೆಯ ಬಿಸಿಲೆಲ್ಲ ಗೊತ್ತಿತ್ತು. ಎಂಟು ಗಂಟೆಗೆ ಈರುಳ್ಳಿ ಶೆಡ್ಡಿನ ತಗಡಿನ ಸಂದಿಯಿಂದ ಬೆಳಕು ಧೂಳಿನೊಳಗೆ ಇಳಿಯುತ್ತಿತ್ತು. ಹತ್ತಕ್ಕೆ ಹೂವಿನ ಸಾಲು ಚೆನ್ನ. ಐದಾರು ದಿನ ಅವಳ ಹಿಂದೆ ಅಲೆದೆ. ನಾನು ಕ್ಯಾಮೆರಾ ಎತ್ತುವ ಮೊದಲು ಅವಳು ಮರಾಠಿಯಲ್ಲೋ ಕನ್ನಡದಲ್ಲೋ ಎದುರಿಗಿದ್ದವರ ಒಪ್ಪಿಗೆ ಕೇಳುತ್ತಿದ್ದಳು. ಬೇಡವೆಂದರೆ ಮುಂದೆ ನಡೆದುಬಿಡುತ್ತಿದ್ದಳು. "ಮಾರಿ ಅವರದು, ನಿಂದಲ್ಲ" ಎನ್ನುತ್ತಿದ್ದಳು. ಮಾರಿ ಎಂದರೆ ಅವಳ ಮಾತಿನಲ್ಲಿ ಮುಖ.

ಒಂದು ದಿನ ಅವಳು ಕಿಟ್ಲಿ ತುಂಬಿಸಿಕೊಳ್ಳಲು ಹೋಗಿದ್ದಳು. ಶೆಡ್ಡಿನ ಆ ಎಂಟು ಗಂಟೆಯ ಬೆಳಕಿನಲ್ಲಿ ಒಬ್ಬ ಹೆಂಗಸು ಈರುಳ್ಳಿ ರಾಶಿಯ ಮುಂದೆ ಕೂತು ತಲೆಯೆತ್ತಿದಳು. ನಾನು ಕೇಳಲಿಲ್ಲ. ಕೇಳಿದರೆ ಆ ಕ್ಷಣ ಹೋಗುತ್ತದೆ ಎಂದುಕೊಂಡೆ. ಮನೆಗೆ ಬಂದು ಚಿತ್ರವನ್ನು ಇಂಟರ್ನೆಟ್ಟಿಗೆ ಹಾಕಿದೆ. ಜನ ಮೆಚ್ಚಿದರು, ಹಂಚಿಕೊಂಡರು. ಅವಳ ಹಿಂದೆ ಮಾರ್ಕೆಟ್ಟಿನ ಹೆಸರು, ಶೆಡ್ಡಿನ ನಂಬರು ಕಾಣುತ್ತಿದ್ದುದನ್ನು ನಾನು ಗಮನಿಸಿರಲೇ ಇಲ್ಲ.

ಆ ಹೆಂಗಸು ಹೊಡೆಯುವ ಗಂಡನನ್ನು ಬಿಟ್ಟು ಬಂದು ಅಲ್ಲಿ ದುಡಿಯುತ್ತಿದ್ದವಳು. ವಾರದೊಳಗೆ ಅವನು ಇಬ್ಬರು ಗಂಡಸರನ್ನು ಜೊತೆಗೆ ಕರೆದುಕೊಂಡು, ನನ್ನ ಚಿತ್ರವನ್ನು ಫೋನಿನಲ್ಲಿ ಹಿಡಿದು ಮಾರುಕಟ್ಟೆಗೆ ಬಂದ. ಅವನು ಮೊದಲು ದಾರಿ ಕೇಳಿದ್ದು ಚಹಾದಕ್ಕನನ್ನೇ. ಅವಳು ಅವರನ್ನು ಹೂವಿನ ಕಡೆಗೆ ಕಳಿಸಿ, ಕಿಟ್ಲಿಯನ್ನು ಅಲ್ಲೇ ಇಟ್ಟು ಓಡಿ, ಆ ಹೆಂಗಸನ್ನು ಹಿಂದಿನ ಗೇಟಿನಿಂದ ಹೊರಡಿಸಿ, ತಾನೂ ಜೊತೆಗೆ ರೈಲು ಹತ್ತಿ ದೌಂಡ್ ಎಂಬ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಮುಟ್ಟಿಸಿದಳು.

ಮರುದಿನ ಹೋದಾಗ ಅವಳು ನನ್ನನ್ನು ತಂಗಿ ಎನ್ನಲಿಲ್ಲ. ನಡೆದದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದಳು. ನಾನು ಅಳುತ್ತ ಕ್ಷಮೆ ಕೇಳಿದೆ.

"ನನಗ್ಯಾಕ ಕೇಳ್ತೀರಿ ಮೇಡಂ? ಆಕಿಗಿ ಕೇಳ್ರಿ. ನಡ್ರಿ."

ಅವತ್ತೇ ನನ್ನನ್ನು ದೌಂಡಿಗೆ ಕರೆದೊಯ್ದಳು. ರೈಲಿನಲ್ಲಿ ಕೂತು ಆ ಚಿತ್ರವನ್ನು ಇಂಟರ್ನೆಟ್ಟಿನಿಂದ ಅಳಿಸಿದೆ. ಆ ಹೆಂಗಸು ನನ್ನನ್ನು ಬೈಯಲಿಲ್ಲ. ಆ ಫೋಟೋ ಹೋಯಿತೇ ಎಂದಷ್ಟೇ ಕೇಳಿದಳು. ಅಳಿಸಿಬಿಟ್ಟಿದ್ದೇನೆ ಎಂದೆ.

"ಎಲ್ಲಾರ ಫೋನಿನ್ಯಾಗಿಂದೂ ಹೋತೇನ್ರಿ?"

ನನಗೆ ಹೌದೆನ್ನುವ ಆಸೆಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಚಹಾದಕ್ಕ ನನ್ನ ತೋಳು ಹಿಡಿದಳು.

"ಸುಳ್ಳು ಹೇಳಬ್ಯಾಡ್ರಿ. ಖರೆ ಗೊತ್ತಿದ್ರ ಆಕಿ ಹುಷಾರ್ ಇರ್ತಾಳ."

ಇಲ್ಲ, ಎಲ್ಲ ಕಡೆಯಿಂದ ಹೋಗಿಲ್ಲ, ಹೋಗುವುದೂ ಇಲ್ಲ ಎಂದು ಹೇಳಿದೆ. ಅಷ್ಟು ಕಷ್ಟದ ಮಾತನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಾರ್ಕೆಟ್ ಯಾರ್ಡಿಗೆ ಹೋದಾಗ, ಚಹಾದಕ್ಕ ಕಾಮಾಲೆಯಾಗಿ ತೀರಿಹೋದಳೆಂದು ಹಮಾಲರು ಹೇಳಿದರು. ಆ ಹೆಂಗಸಿಗೆ ಇನ್ನು ಯಾರು ದಿಕ್ಕು ಎಂದು ಕಳವಳವಾಗಿ ದೌಂಡಿನ ರೈಲು ಹತ್ತಿದೆ. ಆ ಮನೆಯ ಬಾಗಿಲಿಗೆ ಬಂದ ಚಹಾದಕ್ಕನ ತಂಗಿ ನನ್ನನ್ನು ಗುರುತಿಸಿದಳು, ಕೂರಿಸಿ ನೀರು ಕೊಟ್ಟಳು. ಆ ಹೆಂಗಸಿನ ಹೆಸರೆತ್ತಿದಾಗ ಮಾತ್ರ, ಅಂಥವರು ಯಾರೂ ಇಲ್ಲಿ ಇರಲೇ ಇಲ್ಲ ಎಂದಳು, ಕಣ್ಣು ಮಿಟುಕಿಸದೆ. ಯಾರು ಬಂದು ಕೇಳಿದರೂ ಹಾಗೆಯೇ ಹೇಳಬೇಕೆಂದು ಚಹಾದಕ್ಕ ಅವಳಿಗೆ ಹೇಳಿ ಹೋಗಿದ್ದಳೆಂದು ನನಗೆ ತಿಳಿಯಿತು. ನೀರು ಕುಡಿದು, ಇನ್ನೇನೂ ಕೇಳದೆ ಎದ್ದು ಬಂದೆ.